ಸಿಂಗಪುರದ ನೈಟ್ ಸಫಾರಿ: ಟ್ರಾಮ್ ಆಮೇಲೆ, ಕಾಲುದಾರಿ ಮೊದಲು

ಸಿಂಗಪುರದ ಮಂಡಾಯಿಯಲ್ಲಿ ರಾತ್ರಿ ಹೊತ್ತು ಮಾತ್ರ ತೆರೆಯುವ ಮೃಗಾಲಯ ನೈಟ್ ಸಫಾರಿ ನೋಡಿ ಬಂದವರಲ್ಲಿ ಕೆಲವರು ಹಾಡಿ ಹೊಗಳುತ್ತಾರೆ, ಇನ್ನು ಕೆಲವರು ‘ಕತ್ತಲಲ್ಲಿ ಏನೂ ಕಾಣಲಿಲ್ಲ, ದುಡ್ಡು ದಂಡ’ ಎಂದು ಗೊಣಗುತ್ತಾರೆ. ಗೊಣಗುವವರು ಸಾಮಾನ್ಯವಾಗಿ ಟ್ರಾಮ್‌ನಲ್ಲಿ ಒಂದು ಸುತ್ತು ಹಾಕಿ, ಪ್ರಾಣಿಗಳ ಶೋ ನೋಡಿ, ನೇರ ಗೇಟಿಗೆ ಬಂದವರು. ಕೊಟ್ಟ ಕಾಸಿಗೆ ತಕ್ಕದ್ದು ಸಿಗುವುದು ನಾಲ್ಕು ಕಾಲುದಾರಿಗಳಲ್ಲಿ.

ದೊಡ್ಡವರ ಟಿಕೆಟ್ ಈಗ 50 ಸಿಂಗಪುರ ಡಾಲರ್ ದಾಟಿದೆ, ನಮ್ಮ ಲೆಕ್ಕದಲ್ಲಿ ತಲೆಗೆ ಮೂರು ಸಾವಿರ ರೂಪಾಯಿಗೂ ಮೇಲೆ. ಹಾಗಾಗಿ ಒಳಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮುಖ್ಯವಾಗುತ್ತದೆ. ಟಿಕೆಟ್ ಆನ್‌ಲೈನ್‌ನಲ್ಲೇ, ಒಳಹೋಗುವ ಸಮಯವನ್ನೂ ಆರಿಸಿಕೊಂಡು ತೆಗೆದುಕೊಳ್ಳಬೇಕು. ಗೇಟು ತೆರೆಯುವುದು ಸಂಜೆ 7:15ಕ್ಕೆ. ಸಮಭಾಜಕದ ಪಕ್ಕದ ಊರಾದ್ದರಿಂದ ವರ್ಷವಿಡೀ ಏಳರ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ. ಮೊದಲ ಸ್ಲಾಟಿನವರೆಲ್ಲ ಒಳಗೆ ಕಾಲಿಟ್ಟೊಡನೆ ಟ್ರಾಮ್ ಸಾಲಿಗೆ ನುಗ್ಗುತ್ತಾರೆ. ನೀವು ಆ ಕಡೆ ತಿರುಗಿಯೂ ನೋಡದೆ, ನಾಲ್ಕು ಕಾಲುದಾರಿಗಳಲ್ಲಿ ಒಂದಾದ ಲೆಪರ್ಡ್ ಟ್ರೇಲ್ ಹಿಡಿಯಿರಿ. ಒಂಬತ್ತರ ನಂತರ ಟ್ರಾಮ್ ಸಾಲು ಸಾಮಾನ್ಯವಾಗಿ ಕರಗಿರುತ್ತದೆ, ನಡೆದು ದಣಿದ ಕಾಲಿಗೂ ಆಗ ಕೂರುವುದೇ ಹಿತ.

1994ರಲ್ಲಿ ತೆರೆದ ಇದು, ನಿಶಾಚರಿಗಳಿಗೆಂದೇ ಕಟ್ಟಿದ ಜಗತ್ತಿನ ಮೊದಲ ಮೃಗಾಲಯ. 35 ಹೆಕ್ಟೇರ್ ಜಾಗದ ಬೆಳಕನ್ನು ವಿನ್ಯಾಸ ಮಾಡಿದವರು ರಂಗಭೂಮಿಯ ಬೆಳಕಿನಲ್ಲಿ ಪಳಗಿದ ಸೈಮನ್ ಕಾರ್ಡರ್. ಬೆಳದಿಂಗಳಷ್ಟೇ ಮಂದ ಬೆಳಕು, ಅದಕ್ಕೆ ಕಣ್ಣು ಹೊಂದಿಕೊಳ್ಳಲು ಹದಿನೈದು-ಇಪ್ಪತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ತೆರೆದು ವಾಟ್ಸಾಪ್ ನೋಡಿದಿರೋ, ಮತ್ತೆ ಮೊದಲಿಂದ ಶುರು. ಫ್ಲ್ಯಾಶ್ ಅಂತೂ ನಿಷಿದ್ಧ. ಫೋಟೋ ಆಸೆ ಬಿಟ್ಟು, ಒಂದೊಂದು ಆವರಣದ ಮುಂದೆ ಐದು ನಿಮಿಷ ಅಲುಗಾಡದೆ ನಿಂತರೆ ಕತ್ತಲು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಹಂದಿಯಂಥ ಮೈ, ಗಿಡ್ಡ ಸೊಂಡಿಲಿನಂಥ ಮೂತಿಯ ಮಲಯಾ ಟೇಪಿರ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ತಲೆ, ಭುಜ, ಕಾಲುಗಳು ಕಪ್ಪು, ಸೊಂಟದ ಭಾಗ ಬಿಳಿ. ಕಪ್ಪೆಲ್ಲ ಕತ್ತಲಲ್ಲಿ ಕರಗಿ, ಬಿಳಿ ಮಾತ್ರ ಬಂಡೆಯ ಹಾಗೆ ಉಳಿಯುತ್ತದೆ. ‘ಖಾಲಿ ಇದೆ’ ಎಂದು ಜನ ಮುಂದೆ ಹೋಗುತ್ತಾರೆ. ನಿಂತವರಿಗೆ ಆ ಬಂಡೆಗೆ ಮೂತಿ ಮೂಡಿ, ಅದು ಎಲೆ ಎಳೆಯುವುದು ಕಾಣುತ್ತದೆ.

ಕಾಲುದಾರಿಗಳಲ್ಲಿ ಚಿರತೆ ಗಾಜಿನಾಚೆ ಅಡ್ಡಾಡುತ್ತಿರುತ್ತದೆ. ಪುನುಗು ಬೆಕ್ಕು, ಚಿಪ್ಪುಹಂದಿ, ನಮ್ಮ ಕಾಡುಪಾಪದ ದಪ್ಪ ಮೈಯ ನೆಂಟ ಸ್ಲೋ ಲೋರಿಸ್ ಎಲ್ಲ ಇಲ್ಲೇ. ಇವನ್ನು ಟ್ರಾಮ್‌ನಿಂದ ನೋಡುವ ಮಾತೇ ಇಲ್ಲ. ಬಾವಲಿಗಳ ಬಲೆಮನೆಯೊಳಗೆ ನಡೆದುಹೋಗಬಹುದು, ಅಂಜುವ ಮಕ್ಕಳಿದ್ದರೆ ಮೊದಲೇ ಹೇಳಿಡಿ.

ಟ್ರಾಮ್ ಸವಾರಿ ಸುಮಾರು 40 ನಿಮಿಷ, ಟಿಕೆಟಿನಲ್ಲೇ ಸೇರಿದೆ. ಏಷ್ಯಾದ ಸಿಂಹ, ಒಂಟಿಕೊಂಬಿನ ಘೇಂಡಾಮೃಗ, ನಮ್ಮ ದರೋಜಿಯಲ್ಲಿರುವ ಜಾತಿಯ ಕರಡಿ, ಆನೆ ಸಿಗುತ್ತವೆ. ಎದುರಿಗೆ ಬೇಲಿ ಕಾಣದಿದ್ದರೂ ಗಿಡಗಳ ಮರೆಯಲ್ಲಿ ಕಂದಕ ಇರುತ್ತದೆ. ರಸ್ತೆಗೆ ಅಡ್ಡಲಾಗಿ ಹಾಕಿದ ಕಬ್ಬಿಣದ ಸರಳುಗಳ ಮೇಲೆ ಗೊರಸು ನಿಲ್ಲದ ಕಾರಣ ಜಿಂಕೆಗಳೂ ತಮ್ಮ ಗಡಿ ದಾಟುವುದಿಲ್ಲ. ತೊಂದರೆ ಏನೆಂದರೆ ವಾಹನ ನಿಮಗಾಗಿ ನಿಲ್ಲುವುದಿಲ್ಲ, ಕಣ್ಣಿಗೆ ಬೀಳುವಷ್ಟರಲ್ಲಿ ಪ್ರಾಣಿ ಹಿಂದಾಗಿರುತ್ತದೆ. ನಡೆಯಲಾಗದ ಹಿರಿಯರಿಗೆ ಮಾತ್ರ ಇದೇ ಸರಿ. ಶೋಗೆ ಬೇರೆ ದುಡ್ಡಿಲ್ಲ, ಆದರೆ ಶೋಗೆ ಎರಡು ಗಂಟೆ ಮೊದಲು ಆನ್‌ಲೈನ್‌ನಲ್ಲಿ ಬುಕಿಂಗ್ ತೆರೆದಾಗ ಸೀಟು ಕಾಯ್ದಿರಿಸಬೇಕು. ಮಕ್ಕಳಿಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಪಕ್ಕದ ಸಿಂಗಪುರ ಝೂ ಸಂಜೆ ಆರಕ್ಕೆ ಮುಚ್ಚುತ್ತದೆ. ಎರಡನ್ನೂ ಒಂದೇ ದಿನ ಮುಗಿಸುವ ಯೋಜನೆ ಕಾಗದದ ಮೇಲೆ ಚೆಂದ. ಆ ಸೆಕೆಯಲ್ಲಿ ಇಡೀ ಹಗಲು ನಡೆದವರು ರಾತ್ರಿ ಕಾಲುದಾರಿ ಬಿಟ್ಟು ಟ್ರಾಮ್ ಸಾಲಿಗೇ ಹೋಗುತ್ತಾರೆ, ಅಲ್ಲಿಗೆ ಕೊಟ್ಟ ಹಣದಲ್ಲಿ ಅರ್ಧ ಹೋದಂತೆಯೇ. ಬೇರೆ ಬೇರೆ ದಿನ ಇಟ್ಟುಕೊಳ್ಳಿ. ಗುಡುಗು-ಮಿಂಚು ಜೋರಾದರೆ ಟ್ರಾಮ್ ನಿಲ್ಲಿಸುವುದುಂಟು. ನವೆಂಬರ್‌ನಿಂದ ಜನವರಿವರೆಗೆ ಮಳೆ ಹೆಚ್ಚು, ಕೊಡೆಗಿಂತ ತೆಳು ರೇನ್‌ಕೋಟ್ ಮೇಲು. ಸೊಳ್ಳೆಗೆ ಮುಲಾಮು ಮರೆಯಬೇಡಿ. ಸಸ್ಯಾಹಾರಿಗಳು ಲಿಟಲ್ ಇಂಡಿಯಾದಲ್ಲಿ ಊಟ ಮುಗಿಸಿಕೊಂಡೇ ಹೊರಟರೆ ನೆಮ್ಮದಿ.

ಹೋಗುವುದಕ್ಕೆ ಮೆಟ್ರೋದಲ್ಲಿ ಸ್ಪ್ರಿಂಗ್‌ಲೀಫ್ ನಿಲ್ದಾಣದವರೆಗೆ, ಅಲ್ಲಿಂದ 138ನೇ ಬಸ್ಸು. ಭಾರತದ ಕಾರ್ಡ್ ತಟ್ಟಿ ಹತ್ತುವುದಾದರೆ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಊರಲ್ಲೇ ಆನ್ ಮಾಡಿಕೊಂಡಿರಬೇಕು. ಸಫಾರಿ ಮುಚ್ಚುವುದು ನಡುರಾತ್ರಿಗೆ, ಮೆಟ್ರೋ ನಿಲ್ಲುವುದೂ ಹೆಚ್ಚುಕಡಿಮೆ ಆಗಲೇ. ಆದ್ದರಿಂದ 10:45ಕ್ಕೆಲ್ಲ ಗೇಟಿನ ಹೊರಗಿರಿ. ಹನ್ನೆರಡು ದಾಟಿದ ಮೇಲೆ ಮೀಟರ್ ಟ್ಯಾಕ್ಸಿ ಹತ್ತಿದರೆ ಬಾಡಿಗೆಯ ಮೇಲೆ ಶೇ. 50 ಹೆಚ್ಚುವರಿ ಬೀಳುತ್ತದೆ.