ತೋಳಿನ ಶುಗರ್ ಸೆನ್ಸರ್: ಕಲಬುರಗಿ ಬಿಸಿಲಿಗೆ ತಡೆಯುತ್ತದಾ?

ಶುಗರ್ ನೋಡಲು ಬೆರಳು ಚುಚ್ಚಿಕೊಂಡು ಬೇಸತ್ತವರಿಗೆ, ತೋಳಿಗೆ ಅಂಟಿಸಿಕೊಂಡು ಫೋನ್‌ನಲ್ಲೇ ಶುಗರ್ ನೋಡುವ ಈ ಸೆನ್ಸರ್ ಒಳ್ಳೆಯದೇ. ಆದರೆ ನಮ್ಮೂರಲ್ಲಿ ಬೇಸಿಗೆಗೆ ಹಾಕಿಸಿಕೊಳ್ಳುವವರು ಇದನ್ನು ಓದಿ ಆಮೇಲೆ ದುಡ್ಡು ಕೊಡಿ.

ನಾನು ಹಾಕಿಕೊಂಡಿದ್ದು 14 ದಿನ ಬರುವ ಸೆನ್ಸರ್. ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲ. ತೋಳಿನ ಹಿಂಬದಿಗೆ ಒತ್ತಿದರೆ ಟಕ್ ಅಂತ ಕೂರುತ್ತದೆ, ನೋವು ಇಲ್ಲವೆಂದೇ ಹೇಳಬೇಕು. ಒಂದು ಗಂಟೆ ಬಿಟ್ಟು ಫೋನ್ ಹಿಡಿದರೆ ಅಂಕಿ ಬರುತ್ತದೆ. ಮೊದಲ ದಿನದ ಅಂಕಿ ಜಾಸ್ತಿ ನಂಬಬೇಡಿ. ಇದು ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು, ಹಾಗಾಗಿ ಊಟವಾಗಿ ಶುಗರ್ ಸರ್ರನೆ ಏರುವಾಗ ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್‌ಗಿಂತ ಐದು ಹತ್ತು ನಿಮಿಷ ಹಿಂದೆ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳ ಮಾಡಬೇಡಿ.

ದುಡ್ಡು ವಸೂಲಾಗಿದ್ದು ಊಟದ ವಿಷಯದಲ್ಲಿ. ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರಲ್ಲ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರಲ್ವಾ? ಏರುತ್ತದೆ. ಎರಡು ರೊಟ್ಟಿಗೆ ಫೋನ್‌ನಲ್ಲಿ ಶುಗರ್ ತೋರಿಸುವ ಗೆರೆ ಸಣ್ಣ ಗುಡ್ಡ, ನಾಲ್ಕಾದರೆ 200 ದಾಟಿತು. ಅದೇ ಪುಂಡಿ ಪಲ್ಯ, ಹಸಿ ಸೌತೆಕಾಯಿ, ಗಟ್ಟಿ ತೊಗರಿ ಬೇಳೆ ಮೊದಲು ತಿಂದು ರೊಟ್ಟಿ ಆಮೇಲೆ ಮುರಿದರೆ ಅಷ್ಟು ಏರಲಿಲ್ಲ. ಸಂಜೆಯ ಸುಸಲಾ ಹಗುರ ಅಂದುಕೊಂಡಿದ್ದೆವು, ಮಂಡಕ್ಕಿ ಅಲ್ವಾ, ಮಿರ್ಚಿ ಭಜಿಗಿಂತ ಬೇಗ ಅದೇ ಏರಿಸಿತು. ಊಟ ಮಾಡಿ ಕೆರೆ ಕಡೆ ಕಾಲಾಡಿಸಿ ಬಂದ ದಿನ ಗೆರೆ ತಾನಾಗೇ ಇಳಿಯುವುದನ್ನು ಫೋನ್‌ನಲ್ಲೇ ನೋಡಬಹುದು. ಯಾವ ಡಾಕ್ಟರ್ ಹೇಳಿದರೂ ಕೇಳದ ನಮ್ಮ ಅಣ್ಣ ಇದನ್ನು ನೋಡಿ ನಡೆಯಲು ಶುರು ಮಾಡಿದರು!

ಈಗ ತಕರಾರು. ಸೆನ್ಸರ್ ಡಬ್ಬಿಯ ಮೇಲೆ 4ರಿಂದ 25 ಡಿಗ್ರಿಯಲ್ಲಿ ಇಡಿ ಅಂತ ಬರೆದಿರುತ್ತದೆ. ಮೇ ತಿಂಗಳಲ್ಲಿ ಇಲ್ಲಿ 42 ಮಾಮೂಲು. ಕೊರಿಯರ್ ಗಾಡಿಯಲ್ಲಿ ಬೆಂದು ಬಂದ ಒಂದು ಡಬ್ಬಿ ನಡುವೆಯೇ ಕೈಕೊಟ್ಟಿತು, ಬಿಸಿಲಿಗೋ ಬೇರೇನಕ್ಕೋ ದೇವರಿಗೇ ಗೊತ್ತು. ಬದಲಿ ಕೊಟ್ಟರು, ಆದರೆ ಅದಕ್ಕೆ ಮುಂಚೆ ಫೋನ್‌ನಲ್ಲಿ ಸೀರಿಯಲ್ ನಂಬರ್ ಓದಿ ಓದಿ ಗಂಟಲು ಒಣಗಿತು, ಅದೂ ಹಿಂದಿಯಲ್ಲಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಡಬ್ಬಿಯನ್ನು ಎಲ್ಲಿ ಇಟ್ಟಿದ್ದರು ಅಂತ ಕೇಳಿ. ಬೆವರಿಗೆ ಅಂಟು ಬಿಡುತ್ತದೆ, ಸುತ್ತ ಮೆಡಿಕಲ್ ಟೇಪ್ ಹಾಕಿ. ಆ ತೋಳಿನ ಮೇಲೆ ಮಲಗಿದರೆ ರಾತ್ರಿ ಸುಮ್ಸುಮ್ನೆ ಕಡಿಮೆ ತೋರಿಸುತ್ತದೆ. ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗಿದರೆ ಕೆಲವು ಸೆನ್ಸರ್ ಹೆಚ್ಚು ತೋರಿಸುತ್ತವೆ. ಶುಗರ್ ಇಳಿದಾಗ ಬರುವಂಥ ಕೈ ನಡುಕ, ಬೆವರು ಇದ್ದು ಅಂಕಿ ಸರಿ ಇದೆ ಅಂದರೆ ಅಥವಾ ಆರಾಮಿದ್ದಾಗ 60 ಅಂದರೆ ಬೆರಳು ಚುಚ್ಚಿ ನೋಡಿ. ಸೆನ್ಸರ್ ನೋಡಿಕೊಂಡು ಇನ್ಸುಲಿನ್ ನೀವೇ ಹೆಚ್ಚು ಕಡಿಮೆ ಮಾಡಬೇಡಿ.

ಬೆಲೆ? ಒಂದಕ್ಕೆ ಐದು ಸಾವಿರದ ಆಸುಪಾಸು ಕೊಟ್ಟೆ, ತಿಂಗಳಿಗೆ ಎರಡು ಬೇಕು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ತೊಗೊಳ್ಳುವವರು, ರಾತ್ರಿ ಶುಗರ್ ಇಳಿಯುವ ಭಯ ಇರುವವರು ಸಾಲ ಮಾಡದೆ ಆಗುವುದಾದರೆ ಯಾವಾಗಲೂ ಹಾಕಿಕೊಳ್ಳಿ. ಬರೀ ಮಾತ್ರೆಯ ಮೇಲಿರುವವರಿಗೆ ಆಗೊಮ್ಮೆ ಈಗೊಮ್ಮೆ ಒಂದು ಸಾಕು, ಅದೂ ಮನೆ ಊಟ, ಹಬ್ಬದ ಹೋಳಿಗೆ ಎರಡೂ ಬರುವ ಹಾಗೆ ದಿನ ನೋಡಿ. ಕೀಳುವಾಗ ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಇಲ್ಲದಿದ್ದರೆ ತೋಳಿನ ಕೂದಲೂ ಜೊತೆಗೆ ಬರುತ್ತವೆ.