"ಆಪರೇಷನ್ ಆಗೇತ್ರಿ" ಅಂದ ಮಾತು ನಂಬಿ ಹೆಣ್ಣು ನಾಯಿ ದತ್ತು ತರುವ ಮೊದಲು ಇದನ್ನು ಓದಿರಿ

ಬಾಗಲಕೋಟೆ ನವನಗರದ ಒಂದು ಮನೆಯವರು 11 ತಿಂಗಳ ಹೆಣ್ಣು ನಾಯಿಯನ್ನು ದತ್ತು ತಂದರು. ಕೊಟ್ಟವರ ಕರಾರು ನಾಲ್ಕು ಪುಟದ್ದು. ಆಧಾರ್ ಪ್ರತಿ, ಮನೆಯ ಹಿಂದು-ಮುಂದಿನ ಫೋಟೊ, ಬಾಡಿಗೆ ಮನೆಯಾದ್ದರಿಂದ ಮಾಲೀಕರ ಸಹಿ, 3,000 ರೂಪಾಯಿ ಠೇವಣಿ, ತಿಂಗಳಿಗೊಂದು ವಿಡಿಯೊ ಕಾಲ್. ಇಷ್ಟೆಲ್ಲ ಕೇಳಿದವರು ತಾವು ಕೊಡಬೇಕಾದ ಒಂದೇ ಕಾಗದ ಕೊಡಲಿಲ್ಲ, ಸಂತಾನಹರಣ ಆಪರೇಷನ್ನಿನ ದಾಖಲೆ. "ಆಪರೇಷನ್ ಆಗೇತ್ರಿ, ಕಿವಿ ನೋಡ್ರಿ, ಕತ್ತರಿಸ್ಯಾರ" ಅಂದರು. ಆಪರೇಷನ್ ಆದ ಬೀದಿ ನಾಯಿಯ ಗುರುತಿಗೆ ಕಿವಿಯ ತುದಿ ಕತ್ತರಿಸುವುದುಂಟು. ಇದರ ಕಿವಿಯ ತುದಿ ಹೋಗಿದ್ದು ನಿಜ. ಬೇರೆ ನಾಯಿ ಕಚ್ಚಿ ಹರಿದ ಕಿವಿ ಅದು ಅಂತ ತಿಳಿಯುವ ಹೊತ್ತಿಗೆ ನಾಯಿ ಸಾಯುವ ಹಂತಕ್ಕೆ ಬಂದಿತ್ತು.

ಎರಡು ತಿಂಗಳಿಗೆ ಮನೆಯ ಫರ್ಸಿ ಮೇಲೆ ರಕ್ತದ ಹನಿ ಕಾಣಿಸಿತು. ಆಪರೇಷನ್ ಆದ ನಾಯಿ ಬೆದೆಗೆ ಬರುವುದಿಲ್ಲವಲ್ಲ, ಎಲ್ಲೋ ಗಾಯವಾಗಿರಬೇಕು ಅಂತ ಅರಿಶಿನ ಹಚ್ಚಿದರು. ಗೇಟಿನ ಮುಂದೆ ಓಣಿಯ ಗಂಡು ನಾಯಿಗಳೆಲ್ಲ ಕೂತಾಗ ಸಂಶಯ ಬಂತು. ಪರಿಚಯದವರೊಬ್ಬರು "ಬೆದೆ ನಿಲ್ಸೋ ಇಂಜೆಕ್ಷನ್ ಐತಿ" ಅಂತ ಒಂದು ಸೂಜಿ ಹಾಕಿಸಿದರು. ಬೆದೆ ನಿಂತಂತೆ ಕಂಡಿತು. ಆರು ವಾರದ ಮೇಲೆ ನಾಯಿ ಊಟ ಬಿಟ್ಟಿತು, ನೀರನ್ನು ಮಾತ್ರ ಬಕೆಟ್‌ಗಟ್ಟಲೆ ಕುಡಿಯತೊಡಗಿತು, ಕುಡಿದದ್ದನ್ನು ಕಾರಿಕೊಂಡಿತು, ಹೊಟ್ಟೆ ಉಬ್ಬಿತು. ಸ್ಕ್ಯಾನ್ ಮಾಡಿದಾಗ ಗರ್ಭಕೋಶದ ತುಂಬ ಕೀವು. ರಾತ್ರೋರಾತ್ರಿ ಹೊಟ್ಟೆ ತೆರೆದು ಗರ್ಭಕೋಶ ತೆಗೆದದ್ದರಿಂದ ಜೀವ ಉಳಿಯಿತು. ಆರೋಗ್ಯವಾಗಿದ್ದಾಗ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾಗಿದ್ದ ಆಪರೇಷನ್ನು ಒಂದು ವಾರದ ಸಲೈನು, ಕಿಡ್ನಿ ಪರೀಕ್ಷೆ ಎಲ್ಲವನ್ನೂ ಕೇಳಿತು.

ಹೀಗೆ ಆಗಲು ಕಾರಣವಿದೆ. ಹೆಣ್ಣು ನಾಯಿ ಸಾಮಾನ್ಯವಾಗಿ 6ರಿಂದ 10 ತಿಂಗಳ ನಡುವೆ ಮೊದಲ ಸಲ ಬೆದೆಗೆ ಬರುತ್ತದೆ, ಆಮೇಲೆ ಆರೇಳು ತಿಂಗಳಿಗೊಮ್ಮೆ. ಒಂದು ಬೆದೆ ಸುಮಾರು ಮೂರು ವಾರ. ಮೊದಲ ಎಂಟ್ಹತ್ತು ದಿನ ರಕ್ತ ಬೀಳುತ್ತದೆ, ಆಗ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ರಕ್ತ ತಿಳಿಯಾದ ಮೇಲಿನ ವಾರವೇ ಗರ್ಭ ಕಟ್ಟುವ ಕಾಲ. "ರಕ್ತ ನಿಂತ್ತು, ಇನ್ನ ಬಿಡಬಹುದು" ಅಂತ ಜನ ಗೇಟು ತೆಗೆಯುವುದೂ ಸರಿಯಾಗಿ ಅದೇ ವಾರ. ಬೆದೆ ಮುಗಿದ ಮೇಲೆ, ಗರ್ಭ ನಿಂತಿರಲಿ ಬಿಡಲಿ, ಪ್ರೊಜೆಸ್ಟರಾನ್ ಹಾರ್ಮೋನು ಎರಡು ತಿಂಗಳು ಏರಿಕೊಂಡೇ ಇರುತ್ತದೆ. ಗರ್ಭಕೋಶದ ಒಳಪದರ ದಪ್ಪಗಾಗುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ, ಸೋಂಕನ್ನು ಎದುರಿಸುವ ಶಕ್ತಿ ಅಲ್ಲಿ ಕುಗ್ಗುತ್ತದೆ. ಬೆದೆಯ ದಿನಗಳಲ್ಲಿ ಒಳಗೆ ಏರಿದ್ದ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಅಂಗಡಿಯಲ್ಲಿ ಸಿಗುವ ಬೆದೆ ನಿಲ್ಲಿಸುವ ಸೂಜಿ ಬಹುತೇಕ ಮೆಡ್ರಾಕ್ಸಿಪ್ರೊಜೆಸ್ಟರಾನ್. ಅಂದರೆ ಅದೇ ಜಾತಿಯ ಹಾರ್ಮೋನು, ತಿಂಗಳುಗಟ್ಟಲೆ ಕೆಲಸ ಮಾಡುವಂಥದ್ದು. ಬೆಂಕಿಗೆ ಎಣ್ಣೆ. ಈ ಸೂಜಿಯನ್ನು ನಾಯಿಗಾಗಲಿ ಬೆಕ್ಕಿಗಾಗಲಿ ಯಾರು ಹೇಳಿದರೂ ಹಾಕಿಸಬೇಡಿರಿ.

ಕೀವು ಹೊರಗೆ ಹರಿದರೆ ವಾಸನೆಗಾದರೂ ಮನೆಯವರಿಗೆ ತಿಳಿಯುತ್ತದೆ. ಬಾಯಿ ಮುಚ್ಚಿದ ಗರ್ಭಕೋಶದಲ್ಲಿ ಹೊರಗೆ ಏನೂ ಕಾಣುವುದಿಲ್ಲ, ಅದೇ ಹೆಚ್ಚು ಅಪಾಯ. ಬೆದೆಯಾಗಿ ನಾಲ್ಕರಿಂದ ಎಂಟು ವಾರದೊಳಗೆ ಹೆಣ್ಣು ನಾಯಿ ವಿಪರೀತ ನೀರು ಕುಡಿದು ಊಟ ಬಿಟ್ಟರೆ ಮರುದಿನಕ್ಕೆ ಕಾಯಬಾರದು.

ಇನ್ನು, "ಆಪರೇಷನ್ ಆಗೇತಿ" ಎಂಬ ಮಾತನ್ನು ಪರೀಕ್ಷಿಸುವ ಬಗೆ. ಕಿವಿಯ ಗುರುತು ಒಂದೇ ಸಾಲದು. ಬೀದಿ ನಾಯಿಗಳಿಗೆ ಅರಿವಳಿಕೆಯಲ್ಲಿ ಇರುವಾಗಲೇ ಕಿವಿ ಕತ್ತರಿಸುತ್ತಾರೆ, ಆ ಅಂಚು ನೇರವಾಗಿಯೋ ಸ್ಪಷ್ಟ ತ್ರಿಕೋನವಾಗಿಯೋ ಇರುತ್ತದೆ. ಕಚ್ಚಿ ಹರಿದದ್ದು ಒರಟು, ಅಂಕುಡೊಂಕು. ಹೊಕ್ಕುಳಿನ ಕೆಳಗೆ ನಡುಗೆರೆಯಲ್ಲಿ ಅಥವಾ ಪಕ್ಕೆಯ ಹಿಂದೆ ಗಾಯದ ಗೆರೆ ಹುಡುಕಬೇಕು. ಕೂದಲ ಮೇಲೆ ಕೈಯಾಡಿಸಿದರೆ ಸಿಗುವುದಿಲ್ಲ, ಅಂಗೈಯಗಲ ಕೂದಲು ಬೋಳಿಸಿ ಒದ್ದೆ ಹತ್ತಿಯಿಂದ ಒರೆಸಿ ಬೆಳಕಿನಲ್ಲಿ ನೋಡಬೇಕು. ಬಹಳ ಎಳೆಯ ವಯಸ್ಸಿನಲ್ಲಿ ಮಾಡಿದ್ದರೆ ಗೆರೆ ಕಾಣದಿರಬಹುದು. ಗೆರೆ ಇದ್ದ ಮಾತ್ರಕ್ಕೂ ಮುಗಿಯಲಿಲ್ಲ, ಮರಿ ತೆಗೆಯಲು ಹೊಟ್ಟೆ ಕೊಯ್ದಿದ್ದರೂ ಅದೇ ಜಾಗದಲ್ಲಿ ಗೆರೆ ಇರುತ್ತದೆ.

ಹಾಗಾಗಿ ಕಾಗದವೇ ಬೇಕು. ಅದರಲ್ಲಿ ದಿನಾಂಕ, ನಾಯಿಯ ಬಣ್ಣ ಮತ್ತು ಗುರುತು, ತೂಕ, ಕೊಟ್ಟ ಅರಿವಳಿಕೆ, ಎರಡೂ ಅಂಡಾಶಯ ಮತ್ತು ಗರ್ಭಕೋಶ ತೆಗೆದ ವಿವರ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. "ವ್ಯಾಕ್ಸಿನ್ ಕಾರ್ಡಿನ್ಯಾಗ ಬರದೀವಿ" ಅಂದರೆ ಅದು ಯಾರ ಕೈಬರಹ ಎಂದು ಕೇಳಿರಿ.

ಕಾಗದ ನಿಜವಿದ್ದೂ ನಾಯಿ ಬೆದೆಗೆ ಬರುವುದುಂಟು. ಬಲಗಡೆಯ ಅಂಡಾಶಯ ಎಡಗಡೆಯದಕ್ಕಿಂತ ಮುಂದೆ, ಆಳದಲ್ಲಿ ಇರುತ್ತದೆ. ಅವಸರದ ಆಪರೇಷನ್ನಿನಲ್ಲಿ ಅದರ ಚೂರು ಉಳಿದುಬಿಡುತ್ತದೆ. ಇಂಥ ಸಂಶಯ ಬಂದರೆ ರಕ್ತ ಕಾಣುತ್ತಿರುವ ದಿನಗಳಲ್ಲೇ ವೈದ್ಯರ ಹತ್ತಿರ ಒಯ್ಯಬೇಕು. ಒಂದು ಗಾಜಿನ ಸ್ಲೈಡು, ಒಂದು ಸೂಕ್ಷ್ಮದರ್ಶಕ ಇದ್ದರೆ ಯೋನಿಯ ಜೀವಕೋಶ ನೋಡಿ ಬೆದೆಯೋ ಅಲ್ಲವೋ ಹೇಳಬಹುದು. ಎರಡು ಮೂರು ವಾರದ ಮೇಲೆ ಪ್ರೊಜೆಸ್ಟರಾನ್ ರಕ್ತಪರೀಕ್ಷೆ ಮಾಡಿಸಿದರೆ ಖಾತ್ರಿಯಾಗುತ್ತದೆ. ಬೀದಿಯಿಂದ ಬಂದ ನಾಯಿಯಾದರೆ ಇನ್ನೊಂದು ಸಾಧ್ಯತೆಯೂ ಇದೆ. ಕೂಡುವಾಗ ಒಂದರಿಂದ ಒಂದಕ್ಕೆ ಹಬ್ಬುವ ಗಡ್ಡೆ ರೋಗದಲ್ಲೂ ಹನಿ ಹನಿ ರಕ್ತ ಬೀಳುತ್ತದೆ. ಬೆದೆಯ ರಕ್ತ ಒಂದೆರಡು ವಾರಕ್ಕೆ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಒಳಗೆ ಹೂಕೋಸಿನಂಥ ಮಾಂಸ ಕಾಣಬಹುದು. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಎಂಬ ಸೂಜಿ ಕೊಟ್ಟರೆ ಹೆಚ್ಚಿನವು ವಾಸಿಯಾಗುತ್ತವೆ.

ದತ್ತು ನಿಯಮ ಅತಿಯಾಯಿತು ಅಂತ ಬೆಳಗಾವಿಯಿಂದ ವಿಜಯಪುರದ ತನಕ ಜನ ಬೈಯುವುದರಲ್ಲಿ ಅರ್ಧ ನ್ಯಾಯವಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬರೆದ ಫಾರ್ಮನ್ನು ಹಾಗೇ ನಕಲು ಹೊಡೆದು ಇಲ್ಲಿ ಹಂಚುತ್ತಾರೆ. ಸ್ವಂತ ಮನೆ ಬೇಕು, ಮದುವೆಯಾಗಿರಬೇಕು, ಸಂಬಳದ ಚೀಟಿ ಬೇಕು, ತೋಟದ ಮನೆಯವರಿಗೆ ಕೊಡುವುದಿಲ್ಲ. ಬಾಡಿಗೆಗಿರುವ ಒಂಟಿ ಮೇಷ್ಟ್ರು ನಾಯಿಯನ್ನು ಚೆನ್ನಾಗಿ ಸಾಕಲಾರರೇ? ಹೊಲದ ಮನೆಯಲ್ಲಿ ದಿನವಿಡೀ ಜನ ಇರುತ್ತಾರೆ, ನಾಯಿಗೆ ಅದಕ್ಕಿಂತ ಬೇಕಾದದ್ದೇನು? ಹೀಗೆ ಬೇಡವೆನಿಸಿಕೊಂಡವರು ನಾಯಿ ಸಾಕುವುದನ್ನೇ ಬಿಡುವುದಿಲ್ಲ. ಸಂತೆಗೋ, ಮರಿ ಮಾರುವವರ ಮನೆಗೋ ಹೋಗಿ ಕಣ್ಣು ಸರಿಯಾಗಿ ಬಿಡದ ಮರಿಯನ್ನು ದುಡ್ಡು ಕೊಟ್ಟು ತರುತ್ತಾರೆ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ. ಕೇಳುವವರಾರು.

ಉಳಿದ ಅರ್ಧ, ಅಂದರೆ ದತ್ತು ಒಯ್ದ ನಾಯಿಗೆ ಆಪರೇಷನ್ ಆಗಲೇಬೇಕೆಂಬ ಷರತ್ತು, ಇದ್ದಲ್ಲಿ ಇರಬೇಕು. ಮುಧೋಳದ ಸೀಮೆಯಲ್ಲಿ ಅದಕ್ಕೆ ಬೇರೆಯೇ ಕಾರಣವಿದೆ. ಮುಧೋಳ ನಾಯಿಯ ಹೆಣ್ಣು ಮರಿಯನ್ನು "ಸಾಕಾಕ" ಅಂತ ಪುಕ್ಕಟೆ ದತ್ತು ಒಯ್ದು ಪ್ರತಿ ಬೆದೆಗೂ ಮರಿ ಹಾಕಿಸುವವರಿದ್ದಾರೆ. ಅದೇ 2017ರ ನಿಯಮದಲ್ಲಿ 18 ತಿಂಗಳೊಳಗೆ ಮರಿ ಹಾಕಿಸಬಾರದು, ವರ್ಷಕ್ಕೆ ಒಂದೇ ಸೂಲು ಎಂದಿದೆ. ದತ್ತಿನ ಹೆಸರಲ್ಲಿ ಹೋದ ನಾಯಿಗೆ ಈ ಯಾವ ಲೆಕ್ಕವೂ ಇಲ್ಲ. ತಳಿ ಉಳಿಸಬೇಕು ಎಂಬ ಮಾತು ಬಂದರೆ, ಆ ಕೆಲಸಕ್ಕೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ.

ಆದರೆ ಷರತ್ತಿನ ವಯಸ್ಸಿನಲ್ಲಿ ಹಟ ಬೇಡ. ಓಣಿಯ ಸಾದಾ ನಾಯಿಗೆ ಆರು ತಿಂಗಳು ಸರಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡಿನಂಥ ದೊಡ್ಡ ನಾಯಿಗಳಿಗೆ ಬೇಗ ಮಾಡಿದರೆ ಕೀಲಿನ ತೊಂದರೆ ಹೆಚ್ಚುತ್ತದೆಂದು ಅಧ್ಯಯನಗಳಿವೆ, ಹೀಗಾಗಿ ಒಂದು ವರ್ಷ ಕಾಯುವುದನ್ನು ಕರಾರಿನಲ್ಲೇ ಬರೆದುಕೊಂಡರಾಯಿತು. ಕಾಯುವ ಆ ವರ್ಷದಲ್ಲಿ ಬೆದೆ ಬಂದರೆ ಮೂರು ವಾರವೂ ಸರಪಳಿ ಹಿಡಿದೇ ಹೊರಗೆ ಒಯ್ಯುವ ಮನೆಗೆ ಮಾತ್ರ ಅಂಥ ನಾಯಿ ಕೊಡಬೇಕು. ಬೆಕ್ಕಿಗೆ ಈ ಸಡಿಲಿಕೆ ಇಲ್ಲ, ನಾಲ್ಕು ತಿಂಗಳಿಗೇ ಬಸಿರಾಗಬಲ್ಲದು.

ಆಪರೇಷನ್ನನ್ನು ದತ್ತು ತಂದವರೇ ಮಾಡಿಸುವುದಾದರೆ ನಮ್ಮ ಕಡೆ ಎಡವುವುದು ಉಣ್ಣಿಯ ವಿಷಯದಲ್ಲಿ. ಬೇಸಿಗೆಯಲ್ಲಿ ಬಾಗಲಕೋಟೆ, ವಿಜಯಪುರದ ನಾಯಿಗಳ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಕಿಕ್ಕಿರಿದಿರುತ್ತವೆ. ಅವು ತರುವ ಜ್ವರದಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಇಳಿಯುತ್ತದೆ. ನಾಯಿ ಓಡಾಡಿಕೊಂಡೇ ಇರುತ್ತದೆ, ಕೊಯ್ದಾಗ ರಕ್ತ ನಿಲ್ಲುವುದಿಲ್ಲ. ಆದ್ದರಿಂದ ಹಿಂದಿನ ವಾರ ರಕ್ತಪರೀಕ್ಷೆ ಮಾಡಿಸಿರಿ. ಪ್ಲೇಟ್‌ಲೆಟ್ 2 ಲಕ್ಷದ ಮೇಲಿದ್ದರೆ ಚಿಂತೆಯಿಲ್ಲ. 1 ಲಕ್ಷಕ್ಕಿಂತ ಕೆಳಗಿದ್ದರೆ ಆಪರೇಷನ್ ಮುಂದೂಡಿ, ಉಣ್ಣಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಟ್ಟು ಮತ್ತೆ ಪರೀಕ್ಷೆ. ಬೆದೆಯಲ್ಲಿರುವಾಗ ಗರ್ಭಕೋಶಕ್ಕೆ ರಕ್ತ ಹೆಚ್ಚು ಹರಿಯುತ್ತದೆ. ಬೆದೆ ಮುಗಿದು ಎರಡು-ಮೂರು ತಿಂಗಳು ಬಿಟ್ಟು ಮಾಡಿಸುವುದು ಒಳಿತು.

ಮುಧೋಳ ನಾಯಿಯಾದರೆ ವೈದ್ಯರಿಗೆ ಮೊದಲೇ ಹೇಳಿರಿ, ಬೆರಕೆ ಆಗಿದ್ದರೂ ಹೇಳಿರಿ. ಅದರ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟೋನ್ ಎಂಬ ಅರಿವಳಿಕೆ ಕೊಬ್ಬಿಗೆ ಇಳಿದು ರಕ್ತದಿಂದ ಖಾಲಿಯಾಗಬೇಕು. ಕೊಬ್ಬೇ ಇಲ್ಲದ ಬೇಟೆ ನಾಯಿಯಲ್ಲಿ ಅದು ರಕ್ತದಲ್ಲೇ ಸುತ್ತುತ್ತದೆ, ಯಕೃತ್ತೂ ಅದನ್ನು ನಿಧಾನ ಕರಗಿಸುತ್ತದೆ, ನಾಯಿ ತಾಸುಗಟ್ಟಲೆ ಏಳುವುದಿಲ್ಲ. ಪ್ರೊಪೊಫಾಲ್ ಅಥವಾ ಗ್ಯಾಸಿನ ಅರಿವಳಿಕೆ ಅದಕ್ಕೆ ವಾಸಿ. ಮೈ ಬೇಗ ತಣ್ಣಗಾಗುವುದರಿಂದ ಒಂದು ಕಂಬಳಿ ಜೊತೆಗಿರಲಿ.

ಬೆಳೆದ ನಾಯಿಗೆ ಹಿಂದಿನ ರಾತ್ರಿಯಿಂದ ಎಂಟು ತಾಸು ಊಟ ಬೇಡ. ನಾಲ್ಕು ತಿಂಗಳೊಳಗಿನ ಮರಿಯನ್ನು ಅಷ್ಟು ಹೊತ್ತು ಉಪವಾಸ ಇಟ್ಟರೆ ಸಕ್ಕರೆ ಇಳಿದು ಬೀಳುತ್ತದೆ, ಎರಡರಿಂದ ನಾಲ್ಕು ತಾಸು ಸಾಕು. ಮನೆಗೆ ತಂದ ಮೊದಲ ರಾತ್ರಿ ಎರಡು ತಾಸಿಗೊಮ್ಮೆ ತುಟಿ ಎತ್ತಿ ಒಸಡು ನೋಡಿರಿ. ಕೆಂಪಗಿದ್ದದ್ದು ಸುಣ್ಣದಂತೆ ಬೆಳ್ಳಗಾಗಿ ನಾಯಿ ಕುಸಿದರೆ ಒಳಗೆ ಕಟ್ಟಿದ ದಾರ ಜಾರಿ ರಕ್ತ ಸೋರುತ್ತಿರಬಹುದು, ಆಗಲೇ ವೈದ್ಯರ ಹತ್ತಿರ ಹೊರಡಬೇಕು. ಹೊಲಿಗೆ ಬಿಚ್ಚುವುದು 10-12ನೇ ದಿನ. ಅಲ್ಲಿಯವರೆಗೆ ಸ್ನಾನ, ಜಿಗಿತ, ಹೊಲಿಗೆ ನೆಕ್ಕುವುದು ಮೂರೂ ಇಲ್ಲ. ಕೊರಳಿಗೆ ಪ್ಲಾಸ್ಟಿಕ್ ಕಾಲರ್ ಸಿಗದಿದ್ದರೆ ಹಳೆಯ ಬನಿಯನ್ನಿಗೆ ನಾಲ್ಕು ತೂತು ಮಾಡಿ ತೊಡಿಸಿದರೂ ನಡೆಯುತ್ತದೆ. ನೋವಿಗೆ ಮನೆಯಲ್ಲಿರುವ ಮಾತ್ರೆ ಕೊಡಬೇಡಿರಿ. ಐಬುಪ್ರೊಫೆನ್ ನಾಯಿಯ ಹೊಟ್ಟೆ ಮತ್ತು ಕಿಡ್ನಿ ಕೆಡಿಸುತ್ತದೆ, ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ.

ಮೊಬೈಲಿನಲ್ಲಿ ಬರುವ "ಪುಕ್ಕಟೆ ದತ್ತು, ಗಾಡಿ ಖರ್ಚು ಅಷ್ಟ ಕೊಡ್ರಿ" ಎಂಬ ಲ್ಯಾಬ್ರಡಾರ್ ಫೋಟೊಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲು ಗಾಡಿ, ಆಮೇಲೆ ಪಂಜರ, ಆಮೇಲೆ ವಿಮೆ, ಕೊನೆಗೆ ಫೋನೇ ಬಂದ್. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿರಿ.

ಠೇವಣಿಯ ವಿಷಯ. ನವನಗರದವರ 3,000 ರೂಪಾಯಿ ವಾಪಸ್ ಬರಲಿಲ್ಲ. ಕರಾರಿನಲ್ಲಿ "ನಿಯಮ ಮುರಿದರೆ ಠೇವಣಿ ಮುಟ್ಟುಗೋಲು" ಅಂತಿತ್ತು. ಕೊಟ್ಟವರು ಸುಳ್ಳು ಹೇಳಿದರೆ ಏನು ಅಂತ ಇರಲಿಲ್ಲ. ನಾಯಿಯನ್ನು ಹಿಂದಿರುಗಿಸಬಹುದೇ ಎಂಬುದೂ ಇರಲಿಲ್ಲ. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶದಂತೆ ದತ್ತು ಪಡೆದ ಬೀದಿ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ. ಬೇಡವಾದರೆ ಬಿಟ್ಟುಬಂದರಾಯಿತು ಎಂಬ ದಾರಿ ಮುಚ್ಚಿದೆ, ಹಿಂದಿರುಗಿಸುವ ದಾರಿ ಕಾಗದದಲ್ಲೇ ಇರಬೇಕು. ಸಹಿ ಮಾಡುವ ಮೊದಲು ಈ ಮಾತನ್ನು ಕೈಯಾರೆ ಬರೆದು ಸೇರಿಸಿರಿ, ಕೊಟ್ಟವರಿಂದಲೂ ಸಹಿ ಹಾಕಿಸಿರಿ: "ಈ ನಾಯಿಗೆ ಇಂಥ ದಿನ, ಇಂಥ ವೈದ್ಯರಿಂದ ಸಂತಾನಹರಣ ಆಪರೇಷನ್ ಆಗಿದೆ, ದಾಖಲೆ ಲಗತ್ತಿಸಿದೆ. ಇದು ಸುಳ್ಳೆಂದು ಕಂಡರೆ ಆಪರೇಷನ್ ಖರ್ಚು ಮತ್ತು ಠೇವಣಿಯನ್ನು 15 ದಿನದಲ್ಲಿ ಕೊಡುತ್ತೇವೆ, ಬೇಡವೆಂದರೆ ನಾಯಿಯನ್ನು ಹಿಂದಕ್ಕೆ ಪಡೆಯುತ್ತೇವೆ."