ಹಳೆಯ ಅಂಬಾಸಿಡರಿಗೆ ಯಾವ ಎಂಜಿನ್: ಒಂದೇ ಚಡಾವಿನಲ್ಲಿ ನಾಲ್ಕರ ಪರೀಕ್ಷೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ಇರುವ ನಮ್ಮ ತೋಟದಿಂದ ಡಾಮರು ರಸ್ತೆಗೆ ಬರಬೇಕಾದರೆ, ಮುರಕಲ್ಲಿನ ಗುಡ್ಡೆಯನ್ನು ಸುತ್ತಿಕೊಂಡು ಏರುವ ಸುಮಾರು ಮುನ್ನೂರು ಮೀಟರಿನ ಚಡಾವನ್ನು ಹತ್ತಬೇಕು. 1978ರಲ್ಲಿ ತಂದೆಯವರು ಕೊಂಡ ಮಾರ್ಕ್ 3 ಅಂಬಾಸಿಡರ್ ಈ ಚಡಾವನ್ನು ನಲವತ್ತಕ್ಕೂ ಹೆಚ್ಚು ವರ್ಷ ಹತ್ತಿ ಇಳಿದಿದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಆಯಿಲ್ ನೋಡುವ ಕಡ್ಡಿಯನ್ನು ಎಳೆದರೆ, ತುದಿಯಲ್ಲಿ ಕಪ್ಪು ಎಣ್ಣೆ ಇರಲಿಲ್ಲ. ಹಾಲು ಹೆಚ್ಚಾದ ಚಹಾದ ಬಣ್ಣದ ನೊರೆ ಅಂಟಿಕೊಂಡಿತ್ತು. ಆಯಿಲಿಗೆ ನೀರು ಸೇರಿತ್ತು. ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಹೋಗಿದ್ದುದು ಮಾತ್ರವಲ್ಲ, ನಡುವಿನ ಎರಡು ಸಿಲಿಂಡರ್‌ಗಳ ಮಧ್ಯೆ ಬ್ಲಾಕೇ ಸೀಳಿರುವುದು ಕಂಡಿತು. ಸಿಲಿಂಡರ್‌ಗಳನ್ನು ಕೊರೆಸಿ (ಬೋರ್ ಮಾಡಿಸಿ) ಮುಗಿಸುವ ಮಾತು ಅಲ್ಲಿಗೆ ನಿಂತು, ಬೇರೆ ಎಂಜಿನ್ ಕೂರಿಸುವುದು ಅನಿವಾರ್ಯವಾಯಿತು.

ಯಾವ ಎಂಜಿನ್ ಎಂಬ ಪ್ರಶ್ನೆಗೆ ಸಿಕ್ಕಿದ ಉತ್ತರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯೇ ಈ ಮೈಕಟ್ಟಿಗೆ ಬೇರೆ ಬೇರೆ ಕಾಲದಲ್ಲಿ ಹಲವು ಎಂಜಿನ್‌ಗಳನ್ನು ಕೂರಿಸಿದ್ದರಿಂದ, ಹೊರಗಿನ ಯಾವುದನ್ನೋ ತಂದು ತುರುಕುವ ಯೋಚನೆಯನ್ನು ನಾನು ಮೊದಲೇ ಬಿಟ್ಟೆ. ಮೂಲದ, ಬ್ರಿಟನ್ನಿನ ಬಿಎಂಸಿ ಕಂಪೆನಿಯ ವಿನ್ಯಾಸದ 1489 ಸಿಸಿಯ ಪೆಟ್ರೋಲ್, ಅದೇ ಅಳತೆಯ ಬಿಎಂಸಿ ಡೀಸೆಲ್, ಅದೇ ಸಂಸ್ಥೆಯ ಕಾಂಟೆಸ್ಸಾ ಕಾರಿನಲ್ಲಿ ಹೆಸರು ಮಾಡಿ ಆಮೇಲೆ ಅಂಬಾಸಿಡರಿಗೂ ಬಂದ, ಜಪಾನಿನ ಇಸುಜು ಕಂಪೆನಿಯ ವಿನ್ಯಾಸದ 1817 ಸಿಸಿಯ ಪೆಟ್ರೋಲ್, 1995 ಸಿಸಿಯ ಇಸುಜು ಡೀಸೆಲ್, ಈ ನಾಲ್ಕು ನನ್ನ ಮುಂದೆ ಉಳಿದವು. ಭಾವನವರ ಪರಿಚಯದಿಂದ ಕುಂಬಳೆ, ಮಂಜೇಶ್ವರ ಮತ್ತು ಪುತ್ತೂರಿನ ಕಡೆಯ ಮಾಲಕರು ತಮ್ಮ ಕಾರುಗಳನ್ನು ಒಂದೊಂದು ದಿನದ ಮಟ್ಟಿಗೆ ಕೊಟ್ಟರು. ಪ್ರತಿಯೊಂದರಲ್ಲಿಯೂ ನಾಲ್ವರು ಕುಳಿತು, ಡಿಕ್ಕಿಯಲ್ಲಿ ಎರಡು ಗೋಣಿ ಅಡಿಕೆ ಇಟ್ಟು, ಅದೇ ಚಡಾವನ್ನು ಹತ್ತಿ ಇಳಿದೆವು. ಅನಂತರ ಬದಿಯಡ್ಕದ ದಾರಿಯಾಗಿ ಹೆದ್ದಾರಿಯವರೆಗೆ ಓಡಿಸಿ ನೋಡಿದೆವು.

ಬಿಎಂಸಿ ಡೀಸೆಲ್ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಸುಮಾರು 40 ಅಶ್ವಶಕ್ತಿಯ ಆ ಎಂಜಿನ್ ಸಮತಟ್ಟಾದ ಊರಿನಲ್ಲಿ ಬಾಡಿಗೆಗೆ ಓಡುವ ಕಾರಿಗೆ ಸರಿಯಾದುದು. ನಮ್ಮ ಚಡಾವಿನ ಅರ್ಧಕ್ಕೆ ಬರುವಾಗ ಸೆಕೆಂಡ್ ಗೇರಿನಲ್ಲಿ ಅದರ ದಮ್ಮು ಮುಗಿಯಿತು. ಈ ಗೇರ್‌ಬಾಕ್ಸಿನಲ್ಲಿ ಫಸ್ಟ್ ಗೇರಿಗೆ ಸಿಂಕ್ರೊ, ಅಂದರೆ ಗೇರು ಬೀಳುವ ಮೊದಲು ಹಲ್ಲುಗಳ ವೇಗವನ್ನು ಹೊಂದಿಸುವ ವ್ಯವಸ್ಥೆ, ಇಲ್ಲ. ಆದ್ದರಿಂದ ಓಡುತ್ತಿರುವಾಗಲೇ ಫಸ್ಟಿಗೆ ಹಾಕಲು ಹೋದರೆ ಹಲ್ಲುಗಳು ಕರಕರನೆ ಉಜ್ಜುತ್ತವೆ. ಭಾರ ತುಂಬಿದ ಕಾರನ್ನು ಚಡಾವಿನ ನಡುವೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮತ್ತೆ ಹೊರಡಬೇಕಾಯಿತು. ಮೈಲೇಜು ಎಷ್ಟೇ ಬರಲಿ, ಮಳೆಗಾಲದ ಜಾರುವ ದಾರಿಯಲ್ಲಿ ಇದು ಆಗುವ ಕೆಲಸವಲ್ಲ.

ಇಸುಜು ಡೀಸೆಲ್ ಈ ಕಷ್ಟವನ್ನು ಕೊಡಲಿಲ್ಲ. ಸೆಕೆಂಡಿನಲ್ಲಿ ಹೊರಟದ್ದು ಸೆಕೆಂಡಿನಲ್ಲಿಯೇ ಮೇಲೆ ಬಂತು. ಆ ದಿನದ ಓಡಾಟದಲ್ಲಿ ಲೀಟರಿಗೆ 14 ಕಿಲೋಮೀಟರಿನಷ್ಟು ಸಿಕ್ಕಿತು. ಆದರೆ ಮುಂಭಾಗಕ್ಕೆ ಭಾರ ಹೆಚ್ಚಾದುದು ಸ್ಟೀರಿಂಗ್ ತಿರುಗಿಸುವಾಗ ತೋಳಿಗೆ ಗೊತ್ತಾಗುತ್ತದೆ, ಕಾರು ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ ಒಳಗಿನ ಕನ್ನಡಿಯಲ್ಲಿ ಹಿಂದಿನ ದಾರಿ ಕಾಣದಷ್ಟು ಅದುರುತ್ತದೆ. ವಾಲ್ವುಗಳನ್ನು ತೆರೆದು ಮುಚ್ಚುವ ಇದರ ಕ್ಯಾಮ್ ಶಾಫ್ಟನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್; ಗುಜರಿಯಿಂದ ಬಂದ ಎಂಜಿನಿನ ಬೆಲ್ಟ್ ಎಷ್ಟು ಹಳೆಯದೆಂದು ಹೇಳುವವರು ಇರುವುದಿಲ್ಲವಾದ್ದರಿಂದ ಕೂರಿಸುವ ಮೊದಲೇ ಅದನ್ನು ಬದಲಿಸಬೇಕು. ಇವೆಲ್ಲವನ್ನೂ ಸಹಿಸಬಹುದಿತ್ತು. ನನ್ನನ್ನು ತಡೆದದ್ದು ಆರ್‌ಸಿ ಪುಸ್ತಕ. ಪೆಟ್ರೋಲ್ ಎಂದು ನೋಂದಣಿಯಾದ ಕಾರಿಗೆ ಡೀಸೆಲ್ ಎಂಜಿನ್ ಹಾಕಿದರೆ ಇಂಧನವೇ ಬದಲಾಗುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ, ಆ ಪ್ರಕರಣ ಹೋದದ್ದೂ ಕೇರಳದಿಂದಲೇ. ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು ಕಾರನ್ನು ತಪಾಸಣೆಗೆ ಒಯ್ಯಬೇಕಾದ ನನ್ನಂಥವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮನಸ್ಸನ್ನು ನಿಜವಾಗಿ ಎಳೆದದ್ದು ಇಸುಜು ಪೆಟ್ರೋಲ್. ಸುಮಾರು 75 ಅಶ್ವಶಕ್ತಿ, ಐದು ಗೇರು, ಹೆಡ್ಡಿನ ಮೇಲೆಯೇ ಕ್ಯಾಮ್ ಶಾಫ್ಟ್. ಚಡಾವನ್ನು ಅದು ಎಷ್ಟು ಸುಲಭವಾಗಿ ಹತ್ತಿತೆಂದರೆ, ಹಿಂದೆ ಕುಳಿತಿದ್ದ ನನ್ನ ಅತ್ತಿಗೆ ತಿರುವು ಬಂದುದೇ ತಿಳಿಯಲಿಲ್ಲವೆಂದರು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥವಾಗಿರುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಐದನೆಯ ಗೇರು ಹಾಕಿ 80ರ ವೇಗದಲ್ಲಿ ಮಾತನಾಡುತ್ತ ಹೋಗಬಹುದು. ನಮ್ಮ ಹಳೆಯ ಎಂಜಿನಿನಲ್ಲಿ 65 ದಾಟಿದರೆ ಮಾತಿಗೆ ಸ್ವರ ಏರಿಸಬೇಕು. ಇದಕ್ಕಿಂತ ಒಳ್ಳೆಯ ಎಂಜಿನ್ ಅಂಬಾಸಿಡರಿಗೆ ಬರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ನಾವು ಅದೇ ಚಡಾವನ್ನು ಇಳಿಯಲೂ ಬೇಕಿತ್ತು. ಆ ಕಾರಿನಲ್ಲಿಯೂ ನನ್ನ ಕಾರಿನಂತೆ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕೇ ಇತ್ತು. ಎಂಜಿನ್ ಮಾತ್ರ ಹೊಸತು. ಸೆಕೆಂಡ್ ಗೇರಿನಲ್ಲಿ ಹಳೆಯ ಎಂಜಿನ್ ಕಾರನ್ನು ಹಿಡಿದಿಡುವಷ್ಟು ಇದು ಹಿಡಿಯಲಿಲ್ಲವಾದ್ದರಿಂದ ಕಾಲು ಬ್ರೇಕಿನ ಮೇಲೆಯೇ ಇರಬೇಕಾಯಿತು. ಮೂರನೆಯ ಸಲ ಇಳಿಯುವಾಗ, ತೋಡಿನ ಬದಿಯ ತಿರುವಿನಲ್ಲಿ ಪೆಡಲ್ ಗಟ್ಟಿಯಾಗಿಯೇ ಇದ್ದರೂ ಕಾರಿನ ವೇಗ ಇಳಿಯಲಿಲ್ಲ. ಬ್ರೇಕ್ ಲೈನರ್ ಸುಟ್ಟ ವಾಸನೆ ಒಳಗೆ ಬಂತು. ಹ್ಯಾಂಡ್ ಬ್ರೇಕ್ ಎಳೆದು, ಫಸ್ಟ್ ಗೇರಿಗೆ ಇಳಿಸಿ, ಮುಂದಿನ ಚಕ್ರ ತೋಡಿನ ಕಟ್ಟಕ್ಕೆ ಎರಡು ಗೇಣು ಇರುವಾಗ ನಿಂತೆವು. ಬಿಸಿಯಾದ ಡ್ರಮ್ ಹಿಗ್ಗಿ, ಲೈನರಿನ ಹಿಡಿತ ಕಡಿಮೆಯಾಗುವುದು ಎಲ್ಲ ಡ್ರಮ್ ಬ್ರೇಕುಗಳ ಗುಣ. ಎಂಜಿನಿನ ಶಕ್ತಿ ಏರಿಸಿದವರು ಬ್ರೇಕಿನ ಶಕ್ತಿಯನ್ನು ಏರಿಸದೆ ಇದ್ದುದು ಇಲ್ಲಿನ ತಪ್ಪು. ಈ ಬಗೆಯ ಕೆಲಸದಲ್ಲಿ ಕೈಪಳಗಿದ ನಮ್ಮ ಮೆಕ್ಯಾನಿಕ್ ಕೂಡ, “ಮಾಷ್ಟ್ರೇ, ಎಂಜಿನ್ ನಾನು ಕೂರಿಸಿ ಕೊಡ್ತೇನೆ, ಬ್ರೇಕಿಗೆ ಮಾತ್ರ ನಾನು ಜವಾಬ್ದಾರನಲ್ಲ” ಎಂದು ಮೊದಲೇ ಹೇಳಿದ್ದರು.

ಖರ್ಚನ್ನೂ ಹಾಗೆಯೇ ಲೆಕ್ಕ ಹಾಕಬೇಕು. ಇಸುಜು ಎಂಜಿನಿನೊಂದಿಗೆ ಅದರ ಗೇರ್‌ಬಾಕ್ಸೂ ಬರಬೇಕು. ಆಗ ಮೌಂಟಿಂಗ್ ಬದಲಿಸಿ, ಪ್ರೊಪೆಲ್ಲರ್ ಶಾಫ್ಟನ್ನು ಲೇತಿಗೆ ಕೊಟ್ಟು ಉದ್ದ ಸರಿಮಾಡಿಸಿ, ದೊಡ್ಡ ರೇಡಿಯೇಟರ್ ಹಾಕಿಸಿ, ಸ್ಟೀರಿಂಗಿನ ಪಕ್ಕದಲ್ಲಿರುವ ಗೇರ್ ಲಿವರನ್ನು ನೆಲಕ್ಕೆ ತರಲು ತಳದ ತಗಡನ್ನು ಕೊರೆಯಬೇಕು. ಇಷ್ಟಕ್ಕೆ ಡಿಸ್ಕ್ ಬ್ರೇಕನ್ನೂ ಸೇರಿಸಿದರೆ ಆಗುವ ಮೊತ್ತದಲ್ಲಿ ಮೂಲದಲ್ಲಿಯೇ ಆ ಎಂಜಿನ್ ಇರುವ ಅಂಬಾಸಿಡರ್ 1800 ಐಎಸ್‌ಜೆಡ್ ಕಾರೊಂದನ್ನು ಕೊಳ್ಳಬಹುದು. ದಿನವೂ ಹೆದ್ದಾರಿಯಲ್ಲಿ ಓಡಾಡುವವರಿಗೆ ನಾನು ಸೂಚಿಸುವುದು ಅದನ್ನೇ.

ನಾನು ಆರಿಸಿಕೊಂಡದ್ದು ಹಳೆಯ 1489 ಪೆಟ್ರೋಲನ್ನು. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿದ್ದರೂ ಈ ಎಂಜಿನಿನ ಪಿಸ್ಟನ್, ರಿಂಗ್, ಬೇರಿಂಗ್‌ಗಳಿಗಾಗಿ ನಾನು ಪುತ್ತೂರು ಮತ್ತು ಮಂಗಳೂರಿನಿಂದ ಆಚೆ ಹೋಗಬೇಕಾಗಲಿಲ್ಲ. ಇದರ ಬೋರ್ (ಸಿಲಿಂಡರಿನ ಒಳಗಿನ ಅಗಲ) 73 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಸುಮಾರು 89. ಸಣ್ಣ ಬೋರಿಗೆ ಉದ್ದದ ಸ್ಟ್ರೋಕ್ ಇರುವುದರಿಂದ ಕಡಿಮೆ ಸುತ್ತಿನಲ್ಲಿಯೇ ಎಳೆತ ಬರುತ್ತದೆ, ನಮ್ಮ ಚಡಾವಿಗೆ ಬೇಕಾದದ್ದೂ ಅದೇ. ಕ್ರ್ಯಾಂಕ್ ಶಾಫ್ಟಿಗೆ ಮೂರೇ ಮೇನ್ ಬೇರಿಂಗ್ ಇರುವುದರಿಂದ ಹೆಚ್ಚು ವೇಗದಲ್ಲಿ ಬಹಳ ಹೊತ್ತು ಓಡಿಸುವುದು ಅದಕ್ಕೆ ಒಳ್ಳೆಯದಲ್ಲ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುವ ನನ್ನ ಕಾರಿಗೆ ಆ ಕೊರತೆ ತಟ್ಟುವುದಿಲ್ಲ.

ಗುಜರಿಯವರಿಂದ ಬಿಲ್ಲು ಸಹಿತ ತಂದ ಎಂಜಿನನ್ನು ಹಾಗೆಯೇ ಕೂರಿಸಲಿಲ್ಲ. ಈ ಹೆಡ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. 2000ದಲ್ಲಿ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಎಕ್ಸಾಸ್ಟ್ ವಾಲ್ವು ಬಂದು ಕೂರುವ ಸೀಟು ನಿಧಾನವಾಗಿ ತಗ್ಗುವುದು ಇಂಥ ಹೆಡ್‌ಗಳ ಸಮಸ್ಯೆಯಾಗಿದೆ. ಆದ್ದರಿಂದ ಗಟ್ಟಿ ಲೋಹದ ಸೀಟುಗಳನ್ನು ಹಾಕಿಸಿದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಇಥೆನಾಲ್ ಇರುವುದರಿಂದ ಪೆಟ್ರೋಲ್ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಅದಕ್ಕೆ ತಾಳುವಂಥವುಗಳಿಗೆ ಬದಲಿಸಿದೆ. ಎಂಜಿನ್ ನಂಬರಿನ ಬದಲಾವಣೆಗೆ ಕಾಸರಗೋಡಿನ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಅರ್ಜಿ ಕೊಟ್ಟಿದ್ದೆ.

ಈಗ ಆರುನೂರು ಕಿಲೋಮೀಟರ್ ಓಡಿದೆ. ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ಟ್ಯಾಪೆಟ್ ಹೊಂದಿಸಿ ಆಗಿದೆ. ಮೊನ್ನೆ ಎರಡು ಗೋಣಿ ಅಡಿಕೆ ಹೇರಿಕೊಂಡು ಸೆಕೆಂಡ್ ಗೇರಿನಲ್ಲಿ ಚಡಾವು ಹತ್ತಿದೆ. ಹಿಂದಿರುಗಿ ಬರುವಾಗ ಅದೇ ಗೇರಿನಲ್ಲಿ, ತೋಡಿನ ತಿರುವಿನವರೆಗೆ ಬ್ರೇಕಿನ ಮೇಲೆ ಕಾಲಿಡದೆ ಇಳಿದೆ.